ನಮ್ಮ ಅಜ್ಜಿಯ ಪುಟ ಯಾವುದು?

ಪಕ್ಕದ ಮನೆಯ ಹಿರಿಯಾಕೆ ಮೊಬೈಲಿನಲ್ಲಿ ಒಂದೂವರೆ ಪುಟದ ಕೈಬರಹ ತೋರಿಸಿದರು. 1938ರಲ್ಲಿ, ಈಗ ನಾವು ನೆಲೆಸಿರುವ ಐರ್ಲೆಂಡಿನ ಇದೇ ಟಿಪ್ಪರರಿ ಕೌಂಟಿಯ, ಎಂದರೆ ಜಿಲ್ಲೆಯ, ಹಳ್ಳಿಶಾಲೆಯೊಂದರಲ್ಲಿ ಓದುತ್ತಿದ್ದ ಅವರ ತಾಯಿ ಬರೆದದ್ದು. ವಿಷಯ ಬೆಣ್ಣೆ ತೆಗೆಯುವುದು. ಕೆನೆಯನ್ನು ಹೇಗೆ ಕೂಡಿಡಬೇಕು, ಮರದ ಪೀಪಾಯಿಯನ್ನು ಬಿಸಿನೀರಿನಲ್ಲಿ ಹೇಗೆ ತೊಳೆಯಬೇಕು, ಕೋಲನ್ನು ಎಷ್ಟು ಹೊತ್ತು ಮೇಲೆ ಕೆಳಗೆ ಆಡಿಸಬೇಕು, ಎಲ್ಲವೂ ಇದೆ. ಆ ಹೊತ್ತಿನಲ್ಲಿ ಮನೆಗೆ ಬಂದವರು ಯಾರೇ ಆಗಲಿ ಕೋಲಿಗೆ ಒಂದು ಕೈ ಕೊಡಲೇಬೇಕು, ಇಲ್ಲದಿದ್ದರೆ ಬೆಣ್ಣೆಯ ಭಾಗ್ಯ ಅವರ ಹಿಂದೆಯೇ ಹೊರಟುಹೋಗುತ್ತದೆ ಎಂದೂ ಬರೆದಿದ್ದಾಳೆ. ಒಲೆಯ ಕೆಂಡವನ್ನು ಆಗ ಯಾರಿಗೂ ಕೊಡಬಾರದು. ಹದಿಮೂರರ ಹುಡುಗಿಯ ಗಂಭೀರವಾದ ಕೂಡಕ್ಷರ.

1937ರಿಂದ 1939ರವರೆಗೆ ಐರ್ಲೆಂಡಿನ 26 ಕೌಂಟಿಗಳ ಸುಮಾರು 5,000 ಶಾಲೆಗಳಲ್ಲಿ ಮಕ್ಕಳಿಂದ ಜಾನಪದ ಬರೆಸುವ ಈ ಕೆಲಸ ನಡೆಯಿತು. ಜಾನಪದ ಆಯೋಗ ಹುಟ್ಟಿದ್ದು 1935ರಲ್ಲಿ. ಊರೂರಿಗೆ ಸಂಗ್ರಾಹಕರನ್ನು ಕಳುಹಿಸುವಷ್ಟು ಹಣ ಅದರ ಬಳಿ ಇರಲಿಲ್ಲ. ಹಾಗಾಗಿ ಮೇಷ್ಟ್ರುಗಳ ನೆರವಿನಿಂದ ಮಕ್ಕಳಿಗೇ ಒಪ್ಪಿಸಿತು. ಪ್ರಬಂಧ ಬರೆಯುವ ತರಗತಿಯಲ್ಲಿ ಮನೆಯ ಹಿರಿಯರನ್ನು ಕೇಳಿ ಬಂದದ್ದನ್ನು ಬರೆಯುವುದು. ದನಗಳ ಆರೈಕೆ, ರೊಟ್ಟಿ, ಕಮ್ಮಾರಿಕೆ, ಮನೆಮದ್ದು, ಸಂತೆ, ಬರಿಗಾಲಿನ ನಡಿಗೆ ಕೂಡ ಒಂದು ವಿಷಯ! ಸುಮಾರು 50,000 ಮಕ್ಕಳು ಬರೆದರು. ಒಟ್ಟು 7,40,000 ಪುಟಗಳಷ್ಟಾದ ಈ ಸಂಗ್ರಹ ಡಬ್ಲಿನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿದೆ, ಈಗ ಜಾಲತಾಣದಲ್ಲಿಯೂ ಇದೆ. ಹಳೆಯ ಕೈಬರಹವನ್ನು ಟೈಪ್ ಮಾಡಿಕೊಟ್ಟವರು ಸಾಮಾನ್ಯ ಜನ, ನಮ್ಮ ಕಡೆ ಕೂಲಿಯಿಲ್ಲದೆ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈಗೂಡಿಸುವ ಮುಯ್ಯಾಳುಗಳಂತೆ. ಊನಗಳೂ ಇವೆ ಎನ್ನಿ. ತವರದ ಪಾತ್ರೆ ರಿಪೇರಿ ಮಾಡುತ್ತ ಅಲೆಯುವವರ ಬಗ್ಗೆ ಊರಿನ ಮಕ್ಕಳು ಬೇಕಾದಷ್ಟು ಬರೆದಿದ್ದಾರೆ. ಆ ಅಲೆಮಾರಿಗಳ ಮಕ್ಕಳೇ ಬರೆದದ್ದು ನಾನು ಓದಿದಷ್ಟರಲ್ಲಿ ಸಿಗಲಿಲ್ಲ.

ಇದನ್ನೆಲ್ಲ ಕೇಳಿಸಿಕೊಂಡ ನನ್ನ ಮಗ ಆ ಜಾಲತಾಣದ ಹುಡುಕು ಎಂಬಲ್ಲಿ ನಮ್ಮೂರಿನ ಹೆಸರು, ತೀರ್ಥಹಳ್ಳಿ ಎಂದು ಟೈಪಿಸಿದ. ಏನೂ ಬರಲಿಲ್ಲ. ಕಾಗುಣಿತ ತಪ್ಪಿತೇನೋ ಎಂದು ಇನ್ನೊಮ್ಮೆ ಟೈಪಿಸಿದ. ಆಮೇಲೆ ನನ್ನ ಕಡೆ ತಿರುಗಿ, "ಅಪ್ಪಾ, ನಮ್ಮ ಅಜ್ಜಿಯ ಪುಟ ಯಾವುದು?" ಎಂದ. ಎಲ್ಲ ಅಜ್ಜಿಯರಿಗೂ ಒಂದೊಂದು ಪುಟ ಇದ್ದೇ ಇರುತ್ತದೆ ಎಂಬ ನಂಬಿಕೆ ಅವನದು. ನಕ್ಕು ಸುಮ್ಮನಾದೆ, ಆದರೆ ಆ ಮಾತು ರಾತ್ರಿಯಿಡೀ ಕೊರೆಯಿತು.

ನಮ್ಮೂರಿಗೂ ಸಂಗ್ರಾಹಕರು ಬಂದಿದ್ದರು. ನಾನಾಗ ಹೈಸ್ಕೂಲಿನಲ್ಲಿದ್ದೆ. ಹೆಗಲಿಗೆ ಟೇಪ್ ರೆಕಾರ್ಡರ್, ಕೈಯಲ್ಲಿ ನೋಟ್‌ಬುಕ್. "ಹಾಡು ಬರುತ್ತದೆಯೇ ಅಮ್ಮಾ?" ಎಂದು ನನ್ನ ತಾಯಿಯನ್ನು ಕೇಳಿದರು. "ನನಗೆಲ್ಲಿಂದ ಬರಬೇಕು ಸ್ವಾಮಿ" ಎಂದಳು. ಮಜ್ಜಿಗೆ ಕುಡಿದು ಮುಂದಿನ ಮನೆಗೆ ಹೋದರು. ಅವಳ ಪಕ್ಕದಲ್ಲಿಯೇ ಅಡಿಕೆ ಸುಲಿಯುವ ಮೆಟ್ಟುಗತ್ತಿ ಇತ್ತು. ಅದರ ಬಗ್ಗೆ ಯಾರೂ ಏನೂ ಕೇಳಲಿಲ್ಲ. ಹಾಡು, ಕಾವ್ಯ, ಕುಣಿತಗಳನ್ನು ಉಳಿಸಿಕೊಟ್ಟವರಿಗೆ ಕನ್ನಡ ಋಣಿಯಾಗಿರಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಾಡು ಬಾರದವರ ಬದುಕು ನಮ್ಮ ಜಾನಪದಕ್ಕೆ ಬಹುಕಾಲ ಹೊರಗಿನದಾಗಿಯೇ ಉಳಿಯಿತು ಎಂದು ನನಗೆ ಅನ್ನಿಸುತ್ತದೆ.

ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಅಮ್ಮ ಸಂಜೆ ಊಟ ಮುಗಿಸಿ ಯಾರದೋ ಅಂಗಳಕ್ಕೆ ಸುಲಿಯಲು ಹೋಗುತ್ತಿದ್ದಳು. ಕತ್ತಿ ಕೂರಿಸಿದ ಮಣೆಯನ್ನು ಕಾಲಿನಿಂದ ಒತ್ತಿಕೊಂಡು, ಕಾಯಿಯನ್ನು ಅಲಗಿಗೆ ಒತ್ತಿ ಒಂದು ತಿರುವು. ಸಿಪ್ಪೆ ಆ ಕಡೆ, ಬೇಳೆ ಈ ಕಡೆ. ಹಣ್ಣಾದದ್ದನ್ನು ಗೋಟಿಗೆಂದು, ಎಂದರೆ ಒಣಗಿಸುವ ಹಣ್ಣಡಿಕೆಗೆಂದು, ಬೇರೆ ಹಾಕಬೇಕು. ಮಾತಿನ ನಡುವೆಯೂ ಅವಳ ಕೈ ತಪ್ಪಿದ್ದು ನಾನು ಕಂಡಿಲ್ಲ. ಬೆರಳುಗಳ ಕಪ್ಪು ಬೇಸಿಗೆಯವರೆಗೂ ಹೋಗುತ್ತಿರಲಿಲ್ಲ; ಮದುವೆಮನೆಗಳಲ್ಲಿ ಬಡಿಸುವಾಗ ಸೆರಗಿನಲ್ಲಿ ಕೈ ಮುಚ್ಚಿಕೊಳ್ಳುತ್ತಿದ್ದಳು. ಈಗ ಸುಲಿಯುವ ಯಂತ್ರ ಬಂದಿದೆ. ಒಳ್ಳೆಯದೇ ಆಯಿತು, ಆ ನಿದ್ದೆಗೆಟ್ಟ ರಾತ್ರಿಗಳು ಮತ್ತೆ ಬರಲಿ ಎಂದು ನಾನಂತೂ ಹೇಳುವುದಿಲ್ಲ.

ಭಾನುವಾರ ವಿಡಿಯೊ ಕರೆಯಲ್ಲಿ ಮಗ ನೋಟ್‌ಬುಕ್ ಹಿಡಿದು ಕುಳಿತ. "ಅಜ್ಜಿ, ಎಷ್ಟು ಗಂಟೆಯವರೆಗೆ ಸುಲಿಯುತ್ತಿದ್ದೆ? ದೀಪ ಯಾವುದು? ಕತ್ತಿ ನಿನ್ನದೋ ಅವರದೋ?" ಅಮ್ಮನಿಗೆ ಮೊದಲು ನಗು. "ಇದನ್ನು ಬರೆದುಕೊಂಡು ಯಾರಿಗೆ ಓದಿಸುತ್ತೀಯೋ ಮಾರಾಯ" ಎಂದವಳು ಆಮೇಲೆ ನಿಲ್ಲಲೇ ಇಲ್ಲ. ಕೂಲಿ ಡಬ್ಬದ ಲೆಕ್ಕದಲ್ಲಿತ್ತಂತೆ. ಒಂದು ಮನೆಯಲ್ಲಿ ಡಬ್ಬವನ್ನು ಕುಲುಕಿ ಕುಲುಕಿ ತುಂಬಿಸಿ, ಮೇಲೆ ರಾಶಿ ಏರಿದರೂ ಒಂದೇ ಡಬ್ಬ ಎಂದು ಬರೆದುಕೊಳ್ಳುತ್ತಿದ್ದರಂತೆ. ನನಗೆ ಇದು ಇಷ್ಟು ವರ್ಷ ಗೊತ್ತಿರಲಿಲ್ಲ. ಹೇಳಿದ ಮರುಕ್ಷಣವೇ ಅಮ್ಮ ದನಿ ತಗ್ಗಿಸಿ, "ಅದೊಂದನ್ನು ಬರೆಯಬೇಡ ಪುಟ್ಟಾ, ಆ ಮನೆಯವರು ಇನ್ನೂ ಊರಿನಲ್ಲಿಯೇ ಇದ್ದಾರೆ" ಎಂದಳು.

ಅಷ್ಟರಲ್ಲಿ ಅವನು ಬರೆದಾಗಿತ್ತು, ಡಬ್ಬದ ಚಿತ್ರಸಮೇತ.