ನೆಗಡಿಗೆ ನರಳಾಟ, ಎದೆನೋವಿಗೆ ಮೌನ

ಮನೆಯ ಗಂಡಸಿಗೆ ನೆಗಡಿಯಾಯಿತೆಂದರೆ ಅದು ಅವನೊಬ್ಬನ ಕಾಯಿಲೆಯಾಗಿ ಉಳಿಯುವುದಿಲ್ಲ, ಮನೆಮಂದಿಯೆಲ್ಲ ಅದರ ಸೇವೆಗೆ ನಿಲ್ಲಬೇಕಾಗುತ್ತದೆ. ನಮ್ಮ ಮನೆಯವರೂ ಇದಕ್ಕೆ ಹೊರತಲ್ಲ. ಬೆಳಿಗ್ಗೆ ಗಂಟಲು ಕೆರೆಯಲು ಶುರುವಾದರೆ ಸಂಜೆಯ ಹೊತ್ತಿಗೆ ದನಿ ಉಡುಗಿರುತ್ತದೆ, ನಡಿಗೆ ನಿಧಾನವಾಗಿರುತ್ತದೆ, ಹೊದಿಕೆಯೊಳಗಿನಿಂದ ‘ಅಯ್ಯಮ್ಮಾ’ ಎಂಬ ನರಳಾಟ ಕೇಳಿಬರುತ್ತದೆ. ಕೋಣೆಯ ಹತ್ತಿರ ಯಾರೂ ಇಲ್ಲದಿದ್ದಾಗ ಮೊಬೈಲಿನ ವೀಡಿಯೊ ಸದ್ದಷ್ಟೇ ಇದ್ದು, ಬಾಗಿಲ ಬಳಿ ಹೆಜ್ಜೆಯ ಸಪ್ಪಳವಾದೊಡನೆ ನರಳಾಟ ಮರಳುವುದನ್ನು ನಾನು ಗಮನಿಸಿದ್ದೇನೆ.

ಇನ್ನು ಥರ್ಮಾಮೀಟರಿನ ಪ್ರಸಂಗ. ಅದು 99 ಡಿಗ್ರಿ ತೋರಿಸಿದರೆ ಸರಿಯಾಗಿ ಇಟ್ಟುಕೊಂಡಿರಲಿಲ್ಲವೆಂದು ಮತ್ತೆ ಕಂಕುಳಿಗೆ ಹೋಗುತ್ತದೆ; ಎರಡನೆಯ ಸಲವೂ ಅಷ್ಟೇ ಬಂದರೆ ಬ್ಯಾಟರಿಯ ಮೇಲೆ ಅನುಮಾನ; ಕೊನೆಗೆ, ‘ಇದು ಒಳಜ್ವರ, ಹೊರಗೆ ತೋರಿಸುತ್ತಿಲ್ಲ’ ಎಂಬ ತೀರ್ಪು. ಸಾಮಾನ್ಯವಾಗಿ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಮಾತ್ರ ವೈದ್ಯರು ಜ್ವರವೆನ್ನುತ್ತಾರೆಂದು ಆ ಹೊತ್ತಿನಲ್ಲಿ ನೆನಪಿಸುವ ಹೆಂಡತಿ ಕಲ್ಲೆದೆಯವಳೆನಿಸಿಕೊಳ್ಳುತ್ತಾಳೆ. ನೆಗಡಿ ವೈರಸ್‌ನಿಂದ ಬರುವುದರಿಂದ ಆ್ಯಂಟಿಬಯಾಟಿಕ್ ಅದಕ್ಕೆ ನಾಟುವುದಿಲ್ಲ, ಸಾಮಾನ್ಯವಾಗಿ ಒಂದು ವಾರ ಹತ್ತು ದಿನದಲ್ಲಿ ತಾನಾಗಿಯೇ ಇಳಿಯುತ್ತದೆ ಎಂಬ ವಿವರಣೆಗೂ ಅದೇ ಗತಿ.

ಗಂಡಸರ ಪರವಾಗಿಯೂ ಒಂದು ವಾದವಿದೆ, ಅದನ್ನು ಹೇಳದಿದ್ದರೆ ಅನ್ಯಾಯವಾದೀತು. ಕೆನಡಾದ ವೈದ್ಯ ಕೈಲ್ ಸೂ 2017ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನ ಕ್ರಿಸ್‌ಮಸ್ ಸಂಚಿಕೆಗೆ ಇದರ ಬಗ್ಗೆಯೇ ಒಂದು ಲೇಖನ ಬರೆದರು. ಹೆಂಗಸರಲ್ಲಿ ಹೆಚ್ಚಿರುವ ಈಸ್ಟ್ರೋಜನ್ ಹಾರ್ಮೋನು ರೋಗನಿರೋಧಕ ಶಕ್ತಿಗೆ ಒತ್ತಾಸೆಯಾಗಬಹುದು, ಗಂಡಸರಲ್ಲಿ ಹೆಚ್ಚಿರುವ ಟೆಸ್ಟೋಸ್ಟೆರಾನ್ ಅದನ್ನು ತಗ್ಗಿಸಬಹುದು, ಹಾಗಾಗಿ ಉಸಿರಾಟದ ಸೋಂಕುಗಳು ಗಂಡಸರನ್ನು ನಿಜವಾಗಿಯೂ ಹೆಚ್ಚು ಕಾಡುತ್ತಿರಬಹುದು ಎಂಬುದು ಅವರ ವಾದದ ತಿರುಳು. ಆ ಸಂಚಿಕೆ ತಮಾಷೆಗೆ ಹೆಸರಾದದ್ದು. ದೊಡ್ಡ ಟೀವಿ, ಒರಗುಕುರ್ಚಿಗಳಿರುವ ಜಾಗಗಳನ್ನು ಗಂಡಸರ ಚೇತರಿಕೆಗೆಂದು ಒದಗಿಸುವ ಕಾಲ ಬಂದಿರಬಹುದೆಂದು ಲೇಖಕರು ನಗುನಗುತ್ತಲೇ ಸೂಚಿಸಿದ್ದಾರೆ. ನಮ್ಮ ಮನೆಯಲ್ಲಿ ಲೇಖನದ ಉಳಿದ ಭಾಗ ಮರೆತುಹೋಗಿದ್ದರೂ ಈ ಒಂದು ಸಲಹೆ ಮಾತ್ರ ಚೆನ್ನಾಗಿ ನೆನಪಿನಲ್ಲಿದೆ.

ಆದರೆ ಹಾರ್ಮೋನುಗಳಿಂದ ವಿವರಿಸಲಾಗದ ಸಂಗತಿಯೊಂದಿದೆ, ನನಗೆ ಚಿಂತೆಯಾಗುವುದೂ ಅದರಿಂದಲೇ. ಮೂಗು ಕಟ್ಟಿದ್ದಕ್ಕೆ ಮನೆಯನ್ನೇ ತಲೆಕೆಳಗು ಮಾಡುವ ಇದೇ ಮನುಷ್ಯ, ಮೆಟ್ಟಿಲು ಹತ್ತುವಾಗ ಎದೆ ಹಿಡಿದಂತಾದರೆ ಬಾಯಿ ಬಿಡುವುದಿಲ್ಲ. ಕೇಳಿದರೆ, ‘ಏನಿಲ್ಲ ಬಿಡು, ಗ್ಯಾಸ್ ಇರಬೇಕು’ ಎಂದು ಮಾತು ತೇಲಿಸುತ್ತಾನೆ. ಹೃದಯದ ಕಾಯಿಲೆ ಹೆಂಗಸರಿಗಿಂತ ಗಂಡಸರಿಗೆ ಸರಾಸರಿ ಏಳೆಂಟು ವರ್ಷ ಮೊದಲೇ ಬರುತ್ತದೆಂದು ಗೊತ್ತಿದ್ದರೂ ಆಸ್ಪತ್ರೆಯ ಕಡೆ ಮುಖ ಮಾಡುವುದಿಲ್ಲ. ನೆಗಡಿಯ ಬಗ್ಗೆ ಗೊಣಗುವುದು ಸುಲಭ, ಏಕೆಂದರೆ ಅದು ವಾಸಿಯಾಗುತ್ತದೆಂಬ ನಂಬಿಕೆ ಒಳಗೆ ಗಟ್ಟಿಯಾಗಿರುತ್ತದೆ. ನಿಜವಾಗಿ ಹೆದರಿಸುವ ನೋವಿಗೆ ಹೆಸರಿಡುವುದೇ ಕಷ್ಟ. ವರ್ಷವಿಡೀ ‘ನನಗೇನಾಗಿದೆ, ಗಟ್ಟಿಯಾಗಿದ್ದೇನೆ’ ಎಂದು ಹೇಳಿಕೊಂಡು ಬಂದವನಿಗೆ ನಾಲ್ಕು ದಿನ ಮಲಗಿ ಆರೈಕೆ ಮಾಡಿಸಿಕೊಳ್ಳಲು ನೆಗಡಿಗಿಂತ ಮರ್ಯಾದೆಯ ನೆಪ ಇನ್ನೊಂದು ಸಿಗಲಾರದು ಎಂದೂ ನನಗೆ ಅನ್ನಿಸುತ್ತದೆ.

ಹೀಗಾಗಿ ನಾನು ಈಗ ಅವರ ನೆಗಡಿಯನ್ನೇ ಉಪಯೋಗಿಸಿಕೊಳ್ಳುತ್ತೇನೆ. ಬೇರೆ ದಿನಗಳಲ್ಲಿ ಬೇಡಿಕೊಂಡರೂ ಕ್ಲಿನಿಕ್‌ಗೆ ಬಾರದವರು ನೆಗಡಿಯಾದಾಗ ತಾವೇ ಚಪ್ಪಲಿ ಮೆಟ್ಟಿ ಸಿದ್ಧರಾಗುತ್ತಾರೆ. ವೈದ್ಯರು ಗಂಟಲು ನೋಡಿ ಮುಗಿಸುತ್ತಿದ್ದಂತೆ, ಹಾಗೆಯೇ ಬಿಪಿ, ಶುಗರ್ ಕೂಡ ನೋಡಿಬಿಡಿ ಎಂದು ನಾನು ಮೆಲ್ಲಗೆ ಸೇರಿಸುತ್ತೇನೆ, ಮೆಟ್ಟಿಲು ಹತ್ತುವಾಗಿನ ಎದೆಯ ವಿಷಯವನ್ನೂ ಆಗಲೇ ಹೇಳಿಬಿಡುತ್ತೇನೆ. ತೋಳಿಗೆ ಪಟ್ಟಿ ಸುತ್ತುವಷ್ಟರಲ್ಲಿ ನಮ್ಮವರ ದನಿಗೆ ಹೇಗೋ ಕಸುವು ಬಂದಿರುತ್ತದೆ: ‘ಇದೆಲ್ಲಾ ಯಾಕೆ ಡಾಕ್ಟ್ರೇ, ಬರೀ ನೆಗಡಿ ಅಷ್ಟೇ!’