ಎರಡೂ ಕಡೆ ಒಂದೇ ಅಂಕಿ

ಇವತ್ತು ಸ್ನೇಹಿತನೊಬ್ಬ ಸಾಲದ ಕೊನೆಯ ಕಂತು ಕಟ್ಟಿ ಬಂದು ಲೆಕ್ಕದ ಚೀಟಿ ತೋರಿಸಿದ. ಪಡೆದದ್ದು ಒಂದು ಕಡೆ, ತೀರಿಸಿದ್ದು ಇನ್ನೊಂದು ಕಡೆ. ಎರಡೂ ಒಂದೇ ಅಂಕಿ.

ಮತ್ತೊಮ್ಮೆ ನೋಡಿದೆ. ಹೌದು, ಒಂದೇ.

ಇಸ್ಲಾಮಿನಲ್ಲಿ ಕರ್ಜ್-ಎ-ಹಸನ್ ಎನ್ನುತ್ತಾರೆ ಇದಕ್ಕೆ. ಒಳ್ಳೆಯ ಸಾಲ ಎಂದು ಅರ್ಥ. ಕೊಟ್ಟಷ್ಟೇ ವಾಪಸು.

ಅಲ್ಲಿ ಬಡ್ಡಿ ನಿಷಿದ್ಧ ಎಂಬುದು ನನಗೆ ಗೊತ್ತಿತ್ತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೊಂದು ಮಾತು. ಸಾಲಗಾರ ಕಷ್ಟದಲ್ಲಿದ್ದರೆ ಅನುಕೂಲವಾಗುವವರೆಗೆ ಕಾಯಿರಿ, ಬಿಟ್ಟುಕೊಟ್ಟರೆ ಇನ್ನೂ ಒಳ್ಳೆಯದು ಎನ್ನುತ್ತದೆ ಖುರಾನಿನ 2ನೇ ಅಧ್ಯಾಯದ 280ನೇ ವಚನ. ಉಳ್ಳವರು ವರ್ಷ ತುಂಬಿದ ಉಳಿತಾಯದಲ್ಲಿ ಶೇ 2.5ರಷ್ಟನ್ನು ಝಕಾತ್ ಆಗಿ, ಅಂದರೆ ಕಡ್ಡಾಯ ದಾನವಾಗಿ, ಕೊಡಲೇಬೇಕು. ಅದನ್ನು ಪಡೆಯಬಹುದಾದ ಎಂಟು ವರ್ಗಗಳಲ್ಲಿ ಸಾಲದಲ್ಲಿ ಮುಳುಗಿದವರೂ ಇದ್ದಾರೆ. ಎಷ್ಟು ದೊಡ್ಡ ಮನಸ್ಸಿನ ಲೆಕ್ಕಾಚಾರ!

ನಡುವೆ ಎರಡು ತಿಂಗಳು ಅವನ ಕೈ ಪೂರ್ತಿ ಬರಿದಾಗಿತ್ತು. ಚೀಟಿಯಲ್ಲಿ ಆ ಎರಡು ತಿಂಗಳ ಚೌಕಗಳು ಖಾಲಿ ಇವೆ. ದಂಡವಿಲ್ಲ, ಕೆಂಪು ಶಾಯಿಯ ಗುರುತಿಲ್ಲ. ಮಾತನಾಡುತ್ತಾ ಅವನ ಬೆರಳು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು. ಆಮೇಲೆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ.