ಮೊದಲು ಕಿವಿ, ಕೊನೆಗೆ ಕೈ

ರೋಗಿ ಹೊಟ್ಟೆನೋವು ಅಂದ ಕೂಡಲೇ ನರ್ಸ್ ಕೈ ತಾನಾಗಿ ಒತ್ತಿ ನೋಡಲು ಹೋಗುತ್ತದೆ. ಅಲ್ಲೇ ತಪ್ಪುವುದು. ಹೊಟ್ಟೆಯ ಪರೀಕ್ಷೆಗೆ ಕ್ರಮವೇ ಬೇರೆ: ನೋಡಬೇಕು, ಕರುಳಿನ ಸದ್ದಿಗೆ ಕಿವಿಗೊಡಬೇಕು, ತಟ್ಟಬೇಕು, ಕೊನೆಗೆ ಮುಟ್ಟಬೇಕು. ಮೊದಲೇ ಒತ್ತಿದರೆ ಕರುಳು ಕದಲಿ ಸದ್ದು ಬದಲಾಗಬಹುದು; ನೋವಿಗೆ ರೋಗಿ ಹೊಟ್ಟೆ ಬಿಗಿಹಿಡಿದರೆ ಮುಂದೇನೂ ತಿಳಿಯುವುದಿಲ್ಲ.

ಮೂತ್ರ ಮಾಡಿ ಬಂದ ಮೇಲೆ ಅಂಗಾತ ಮಲಗಿಸಿ, ಮೊಣಕಾಲಿನ ಕೆಳಗೆ ದಿಂಬು ಕೊಡಿ. ಸ್ಟೆತೊಸ್ಕೋಪನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಂಡು ಹೊಟ್ಟೆಯ ಬಲಭಾಗದ ಕೆಳಗಿನಿಂದ ಶುರುಮಾಡಿ. ನಿಮಿಷಕ್ಕೆ 5ರಿಂದ 30 ಸದ್ದು ಸಾಮಾನ್ಯ. ಮೂಗಿನಿಂದ ಹೊಟ್ಟೆಗೆ ಹಾಕಿದ ಟ್ಯೂಬಿಗೆ ಸಕ್ಷನ್ (ಹೀರುವ ಯಂತ್ರ) ಇದ್ದರೆ ಅಷ್ಟು ಹೊತ್ತು ನಿಲ್ಲಿಸಿ, ಇಲ್ಲದಿದ್ದರೆ ಅದರ ಸದ್ದೇ ಕರುಳಿನದಾಗಿ ಚಾರ್ಟಿಗೆ ಹೋಗುತ್ತದೆ. 'ಸದ್ದಿಲ್ಲ' ಎಂದು ಬರೆಯಲು ಪೂರ್ತಿ 5 ನಿಮಿಷ ಕೇಳಿರಬೇಕು. ನೈಟ್ ಡ್ಯೂಟಿಯಲ್ಲಿ 5 ನಿಮಿಷ ಎಷ್ಟು ದೊಡ್ಡದೆಂದು ವಾರ್ಡಿನವರಿಗೆ ಗೊತ್ತು. ಆದರೂ ಆ ಒಂದು ಪದದ ಮೇಲೆ ಆಪರೇಷನ್ ಆದವರಿಗೆ ಗಂಜಿ ಕೊಡುವುದೋ ಬೇಡವೋ ಎಂಬ ಯೋಚನೆ ನಡೆಯುತ್ತದೆ.

ಮುಟ್ಟುವಾಗ ನೋವಿರುವ ಜಾಗ ಕೊನೆಗಿರಲಿ, ಕಣ್ಣು ರೋಗಿಯ ಮುಖದ ಮೇಲಿರಲಿ. 'ನೋವಿಲ್ಲ ಸಿಸ್ಟರ್' ಎನ್ನುವ ಅಜ್ಜಿಯ ಹುಬ್ಬು ನಿಜ ಹೇಳುತ್ತದೆ. ಮಲ ಕಪ್ಪಗಿದೆ ಎಂದರೆ ಕಬ್ಬಿಣದ ಮಾತ್ರೆ ತಗೊಳ್ತಿದ್ದಾರಾ ಕೇಳಿ, ಅದರಿಂದಲೂ ಕಪ್ಪಾಗುತ್ತದೆ. ಡಾಂಬರಿನಂತೆ ಅಂಟಾಗಿ, ಕೆಟ್ಟ ವಾಸನೆಯಿದ್ದರೆ ರಕ್ತಸ್ರಾವವೆಂದೇ ಭಾವಿಸಿ ನಾಡಿ, ಬಿಪಿ ನೋಡಿ. ಹೊಟ್ಟೆ ಹಲಗೆಯಂತೆ ಗಟ್ಟಿಯಾಗಿದ್ದರೆ ಮತ್ತೆ ಮತ್ತೆ ಒತ್ತಬೇಡಿ. ಬಾಯಿಗೆ ನೀರನ್ನೂ ಕೊಡದೆ ತಕ್ಷಣ ಡಾಕ್ಟರನ್ನು ಕರೆಯಿರಿ.